ನಾಲ್ಕನೆಯ ಮಹಡಿಯ ಲಿಫ್ಟ್

ಕಾಪೆಲ್
ಭಾನುವಾರ, ೨೪ ಆಗಸ್ಟ್ ೨೦೨೫

ಪ್ರೀತಿಯ ಮಾನ್ಯಾ,

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಬರೆದರೆ ನೀನು ಒಂದೇ ಸಲಕ್ಕೆ ಕೊನೆಯ ಸಾಲಿಗೆ ಹೋಗಿಬಿಡುತ್ತೀಯ. ಕನ್ನಡವನ್ನು ಮಾತ್ರ ನೀನು ಈಗಲೂ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೀಯ, ಭಾನುವಾರದ ಕನ್ನಡ ತರಗತಿಯಲ್ಲಿ ನಾನು ಕಲಿಸಿದ ಹಾಗೆ. ನಾನು ಮಾಡಿದ್ದನ್ನು ನೀನು ನಿಧಾನವಾಗಿ ಓದಬೇಕು. ಇನ್ನೊಂದು ಕಾರಣವೂ ಉಂಟು. ಫೋನಿನಲ್ಲಾದರೆ ನಿನ್ನ ಉಸಿರು ಕೇಳಿಸಿದ ಕೂಡಲೇ ನಾನು ಮಾತು ಬದಲಾಯಿಸುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಬದಲಾಯಿಸಿಕೊಂಡೇ ಬಂದಿದ್ದೇನೆ.

ಆಗಸ್ಟ್ ಎರಡನೆಯ ತಾರೀಖು ನೀನು ಮೆಸೇಜ್ ಕಳಿಸಿದೆ. ಆಫೀಸಿನ ಗೆಳತಿಯರೆಲ್ಲ ಸೇರಿ ಡಿಎನ್ಎ ಟೆಸ್ಟ್ ಮಾಡಿಸಿಕೊಂಡೆವು, ಸಿಯಾ ಎಂಬ ಹುಡುಗಿಯೊಬ್ಬಳು ನನ್ನ ಹಾಫ್ ಸಿಸ್ಟರ್ ಎಂದು ತೋರಿಸುತ್ತಿದೆ, ಇದೇನಮ್ಮಾ ಎಂದು ಕೇಳಿದೆ. ನಾನು ‘ಕಂಪ್ಯೂಟರಿನ ತಪ್ಪಿರಬೇಕು, ಊಟ ಆಯ್ತಾ?’ ಎಂದು ಉತ್ತರ ಕೊಟ್ಟೆ. ಮೂರು ದಿನದ ನಂತರ ಒಂದು ಫೋಟೋ ಬಂತು. ಆಸ್ಟಿನ್‌ನ ಡೊಮೇನ್ ಪೇಟೆಯ ಕಾಫಿ ಅಂಗಡಿಯ ಮುಂದೆ ನೀವಿಬ್ಬರೂ ನಿಂತಿದ್ದೀರಿ. ಒಂದೇ ಹುಬ್ಬು, ನಗುವಾಗ ಎಡಗಡೆ ಮೇಲೆ ಹೋಗುವ ಅದೇ ತುಟಿ. ಕೆಳಗೆ ನೀನು ಬರೆದಿದ್ದೆ: ಇಬ್ಬರ ಡೋನರ್ ಒಬ್ಬರೇ, ಲುಧಿಯಾನದವರು, ಈಗ ಅರಿಜೋನಾದಲ್ಲಿ ಡಾಕ್ಟರ್. ಸಿಯಾಳಿಗೆ ಅವಳ ಅಪ್ಪ ಅಮ್ಮ ಏಳನೆಯ ವಯಸ್ಸಿನಲ್ಲೇ ಎಲ್ಲ ಹೇಳಿದ್ದರು. ನನಗೆ ಯಾಕೆ ಹೇಳಲಿಲ್ಲ?

ಆಮೇಲೆ ನೀನು ಫೋನ್ ಮಾಡಿಲ್ಲ. ಇವತ್ತಿಗೆ ಹತ್ತೊಂಬತ್ತು ದಿನ.

ಹೇಳುತ್ತೇನೆ. ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಕೇಳದೆ ಇದ್ದದ್ದನ್ನೂ ಹೇಳಬೇಕಾಗಿದೆ. ನನಗೆ ಹೆಚ್ಚು ನಾಚಿಕೆ ತರುವುದು ಅದು.

ಹ್ಯೂಸ್ಟನ್‌ಗೆ ಬಂದು ಐದು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಪರೀಕ್ಷೆ ಮಾಡಿಸಿದೆವು. ತೊಂದರೆ ಅಪ್ಪನದು. ಮೈಸೂರಿನಿಂದ ನಿನ್ನ ಅಜ್ಜಿ ಪ್ರತಿ ಪತ್ರದಲ್ಲೂ ನನಗೆ ಒಂದೊಂದು ವ್ರತ ಬರೆದು ಕಳಿಸುತ್ತಿದ್ದರು. ತೊಂದರೆ ಯಾರದೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ವ್ರತಗಳನ್ನೆಲ್ಲ ನಾನು ಮಾಡಿದೆ. ಅಪ್ಪ ಪಕ್ಕದಲ್ಲಿ ಕೂತು ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಕೋಪವಿರಲಿಲ್ಲ. ಆ ವರ್ಷಗಳಲ್ಲಿ ಅವರು ನನ್ನ ಕಣ್ಣು ನೋಡಿ ಮಾತಾಡಿದ್ದೇ ಅಪರೂಪ.

ಕೊನೆಗೆ ಆ ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ, ಈಗ ಅದು ಇಲ್ಲ. ಐದು ಮಹಡಿಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಅದೊಂದೇ ಇತ್ತು. ಡೋನರ್ ವಿಷಯ ಬಂದಾಗ ನಾವು ಕೇಳಿದ ಮೊದಲ ಪ್ರಶ್ನೆ ಆರೋಗ್ಯದ್ದಲ್ಲ, ಮಾನ್ಯಾ. ಅವರು ವೆಜಿಟೇರಿಯನ್ನಾ ಎಂದು ಕೇಳಿದೆವು. ಅಪ್ಪ ಕೇಳಿದರು, ನಾನು ತಲೆಯಾಡಿಸಿದೆ. ನರ್ಸ್ ಫೈಲು ತಿರುವಿ, ಭಾರತದಿಂದ ಬಂದ ಒಬ್ಬ ವಿದ್ಯಾರ್ಥಿ ಇದ್ದಾನೆ, ತುಂಬ ಒಳ್ಳೆಯ ಹುಡುಗ ಎಂದಳು. ದಕ್ಷಿಣದವನೇ? ಹೂಂ ಎಂದಳು. ಕರ್ನಾಟಕ? ಅದಕ್ಕೂ ಹೂಂ. ಬ್ರಾಹ್ಮಣ ಎಂಬ ಮಾತನ್ನೂ ಅಪ್ಪ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಆಕೆ ಅದಕ್ಕೂ ಹೂಂಗುಟ್ಟಿದಳು. ಆಕೆಗೆ ನಮ್ಮನ್ನು ನೋಡಿ ಮರುಕ ಬಂದಿರಬೇಕು ಎಂದು ಈಗ ಅನಿಸುತ್ತದೆ. ಲುಧಿಯಾನದ ಹುಡುಗನನ್ನು ಐದು ನಿಮಿಷದಲ್ಲಿ ಮೈಸೂರಿನವನನ್ನಾಗಿ ಮಾಡಿದವರು ನಾವೇ.

ಆಮೇಲೆ ಅಪ್ಪ ಡಾಕ್ಟರಿಗೆ ಒಂದು ಕೋರಿಕೆ ಇಟ್ಟರು. ನನ್ನದನ್ನೂ ಅದರಲ್ಲಿ ಬೆರೆಸಿ ಕೊಡಿ ಎಂದರು. ಹಿಂದೆ ಹಾಗೆ ಮಾಡುತ್ತಿದ್ದರಂತೆ, ಈಗ ಮಾಡುವುದಿಲ್ಲ ಎಂದರು ಡಾಕ್ಟರ್. ಅಪ್ಪ ಕೈಮುಗಿದುಕೊಂಡು ಕೂತರು. ಆ ಮನುಷ್ಯ ಒಪ್ಪಿದರು. ಅಂದಿನಿಂದ ನಾವಿಬ್ಬರೂ ಈ ವಿಷಯ ಒಂದು ಸಲವೂ ಮಾತಾಡಲಿಲ್ಲ. ನೀನು ಹುಟ್ಟಿದಾಗ ಆಸ್ಪತ್ರೆಗೆ ಬಂದ ಗೆಳೆಯರು ‘ಥೇಟ್ ರಘೂತ್ತಮನೇ’ ಎಂದರು. ಅಪ್ಪ ಕಿಟಕಿಯ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿತ್ತು.

ಇಷ್ಟು ನೀನು ಕೇಳಿದ್ದಕ್ಕೆ ಉತ್ತರ. ಕೇಳದೆ ಇದ್ದದ್ದು ಇನ್ನು ಮುಂದೆ.

ಆ ದಿನಗಳಲ್ಲಿ ಹ್ಯೂಸ್ಟನ್‌ನಲ್ಲಿ ಓದುತ್ತಿದ್ದ ಕನ್ನಡದ ಹುಡುಗರು ಬೆರಳಲ್ಲಿ ಎಣಿಸುವಷ್ಟು. ಅವರಲ್ಲೊಬ್ಬ ವೆಂಕಟಗಿರಿ, ಆಶ್ರಿತನ ಅಪ್ಪ. ಹೆಂಡತಿ ಭಾನುಮತಿ, ಒಂದು ವರ್ಷದ ಕೂಸು ಆಶ್ರಿತ್ ಇಬ್ಬರನ್ನೂ ಮೈಸೂರಿನಲ್ಲಿ ಬಿಟ್ಟು ಬಂದಿದ್ದ. ಶನಿವಾರ ನಮ್ಮ ಮನೆಯಲ್ಲಿ ಊಟ. ಅವನೂ ಅಪ್ಪನೂ ಭಾರದ್ವಾಜ ಗೋತ್ರವೆಂದು ಗೊತ್ತಾದ ದಿನದಿಂದ ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ. ತಟ್ಟೆಯಲ್ಲಿ ಸಾರು ಮುಗಿಯುವ ಮೊದಲೇ ‘ಅತ್ತಿಗೆ, ಸಾರಿಗೆ ಏನ್ ಹಾಕ್ತೀರಾ? ನಮ್ಮ ರೂಮಲ್ಲಿ ನಾನ್ ಮಾಡಿದ್ರೆ ಬಟ್ಟೆ ನೆನೆಸಿದ ನೀರಿನ ಥರ ಇರತ್ತೆ’ ಎಂದು ಎಲ್ಲರನ್ನೂ ನಗಿಸುತ್ತಿದ್ದ.

೧೯೯೬ರ ಮೇ ತಿಂಗಳು. ಬೆಳಗ್ಗೆ ಏಳು ಗಂಟೆಗೆ ನನಗೆ ಅಪಾಯಿಂಟ್‌ಮೆಂಟ್ ಇತ್ತು. ಅಪ್ಪ ಕಾರು ನಿಲ್ಲಿಸಲು ಹೋದರು, ನಾನೊಬ್ಬಳೇ ಮೇಲೆ ಹೋದೆ. ನಾಲ್ಕನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಎದುರಿಗೆ ವೆಂಕಟಗಿರಿ ನಿಂತಿದ್ದ. ಕ್ಲಿನಿಕ್ಕಿನ ಪಕ್ಕದ ಬಾಗಿಲು ಅವನ ಹಿಂದೆ ಇನ್ನೂ ಮುಚ್ಚಿಕೊಳ್ಳುತ್ತಿತ್ತು. ಕೈಯಲ್ಲಿ ಒಂದು ಕಾಗದದ ಚೀಲ. ನನ್ನನ್ನು ನೋಡಿದ. ಅವನ ಮುಖ ಅಷ್ಟು ಕೆಂಪಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ತಲೆ ತಗ್ಗಿಸಿ, ಲಿಫ್ಟ್ ಬಿಟ್ಟು, ಮೆಟ್ಟಿಲಿನ ಕಡೆ ಓಡಿದ ಹಾಗೆ ಹೋದ. ಅತ್ತಿಗೆ ಎನ್ನಲಿಲ್ಲ.

ನಾನು ಅಲ್ಲೇ ಲೆಕ್ಕ ಹಾಕಿದೆ. ಕರ್ನಾಟಕದವನು, ವಿದ್ಯಾರ್ಥಿ, ಬ್ರಾಹ್ಮಣ, ಮಾಂಸ ಮುಟ್ಟದವನು. ಆ ಮಹಡಿಯಲ್ಲಿ ಬೇರೆ ಏನೂ ಇಲ್ಲ. ಅಷ್ಟು ನಾಚಿಕೆ ಪಡುವಂಥ ಬೇರೆ ಕೆಲಸವೂ ಅಲ್ಲಿ ಇರಲಾರದು ಎಂದುಕೊಂಡೆ.

ಮುಂದಿನ ಶನಿವಾರ ಅವನು ಊಟಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ಅಪ್ಪನಿಗೆ ಏನೂ ಹೇಳಲಿಲ್ಲ. ನಿನಗೆ ಎರಡು ವರ್ಷವಾಗುವ ಹೊತ್ತಿಗೆ ಭಾನುಮತಿ ಮಗನನ್ನು ಕರೆದುಕೊಂಡು ಬಂದು ಹ್ಯೂಸ್ಟನ್ ಅಂಚಿನ ಕ್ಲಿಯರ್ ಲೇಕಿನಲ್ಲಿ ಸಂಸಾರ ಹೂಡಿದ್ದಳು. ಯುಗಾದಿಯ ಕಾರ್ಯಕ್ರಮದಲ್ಲಿ ನೀನೂ ಆಶ್ರಿತನೂ ಒಂದೇ ಬಲೂನಿಗೆ ಜಗಳವಾಡುವುದನ್ನು ನೋಡಿದೆ. ನಿಮ್ಮಿಬ್ಬರ ಕಿವಿ ಒಂದೇ ಥರ ಕಂಡಿತು. ಆ ವಾರವೇ ಅಪ್ಪನಿಗೆ ಡಾಲಸ್‌ನಲ್ಲಿ ಕೆಲಸ ಹುಡುಕಲು ಹೇಳಿದೆ. ಕಾಪೆಲ್‌ಗೆ ಶಿಫ್ಟ್ ಆದದ್ದು ಒಳ್ಳೆಯ ಸ್ಕೂಲಿಗಾಗಿ ಎಂದು ನಿನಗೆ ಎಷ್ಟು ಸಲ ಹೇಳಿಲ್ಲ ನಾನು! ಸ್ಕೂಲು ಒಳ್ಳೆಯದಿತ್ತು, ಅಷ್ಟು ನಿಜ.

ಆಮೇಲಿನ ವರ್ಷಗಳಲ್ಲಿ ನಿನ್ನ ಕೈಬೆರಳು, ನಡಿಗೆ, ಸೀನುವ ರೀತಿ ಎಲ್ಲದರಲ್ಲೂ ನಾನು ಅವನನ್ನು ಹುಡುಕಿದೆ. ಹುಡುಕಿದಾಗೆಲ್ಲ ಸಿಕ್ಕಿತು. ನೀನು ಟೇಬಲ್ ಟೆನಿಸ್ ಬ್ಯಾಟ್ ಹಿಡಿದ ದಿನ ನನಗೆ ಜ್ವರ ಬಂತು, ಏಕೆಂದರೆ ವೆಂಕಟಗಿರಿ ಕಾಲೇಜು ತಂಡದಲ್ಲಿ ಆಡಿದ್ದ. ಈಗ ಸಿಯಾಳ ಫೋಟೋ ನೋಡಿದ ಮೇಲೆ ಗೊತ್ತಾಗುತ್ತಿದೆ, ಆ ಕಿವಿ ಅವನದಲ್ಲ. ಕಿವಿ ಎಂದರೆ ಕಿವಿ, ಅಷ್ಟೇ.

೨೦೨೨ರ ಯುಗಾದಿಗೆ ನೀನು ಆಸ್ಟಿನ್‌ನಿಂದ ಮನೆಗೆ ಬಂದೆ. ಒಬ್ಬ ಹುಡುಗನ ಬಗ್ಗೆ ಹೇಳಬೇಕು ಎಂದೆ. ದೀಪಾವಳಿ ನಾಟಕದ ರಿಹರ್ಸಲ್‌ನಲ್ಲಿ ಸಿಕ್ಕಿದ, ಕ್ಲಿಯರ್ ಲೇಕಿನವನು, ನಮ್ಮವರೇ ಅಮ್ಮಾ, ನಿಂಗೆ ಖುಷಿ ಆಗತ್ತೆ ಎಂದೆ. ಹೆಸರು ಹೇಳಿದಾಗ ನಾನು ಹೋಳಿಗೆ ತಟ್ಟುತ್ತಿದ್ದೆ. ಅವತ್ತಿನ ಹೋಳಿಗೆ ಒಂದೂ ಸರಿಯಾಗಲಿಲ್ಲವೆಂದು ನೀನು ರೇಗಿಸಿದ್ದು ನೆನಪಿದೆಯೇ?

ನಾನು ಹೇಳಬೇಕಾಗಿದ್ದದ್ದು ಒಂದು ಮಾತು. ಅದನ್ನು ಬಿಟ್ಟು ಸಗೋತ್ರ ಎಂದೆ. ಒಂದೇ ಗೋತ್ರದವರು ಅಣ್ಣ ತಂಗಿ ಇದ್ದ ಹಾಗೆ, ಮದುವೆ ಕೂಡದು ಎಂದೆ. ನೀನು ಮೊದಲು ನಕ್ಕೆ. ‘ಅಮ್ಮಾ, ಗೋತ್ರಾನಾ? ಸೀರಿಯಸ್ಲೀ? ನೀನು ನನ್ನ ಜಾತಕಾನೇ ಬರೆಸಿಲ್ಲ!’ ಆಮೇಲೆ ನಾನು ನಗುತ್ತಿಲ್ಲವೆಂದು ನೋಡಿ ನಿನ್ನ ಮುಖ ಇಳಿಯಿತು. ಯಾವುದೋ ಶತಮಾನದ ಋಷಿಯ ಹೆಸರು ಹೇಳಿಕೊಂಡು ನನ್ನ ಜೀವನ ಹಾಳು ಮಾಡುತ್ತಿದ್ದೀಯ ಎಂದು ಕೂಗಿದೆ. ನೀನು ಹೇಳಿದ್ದು ಸರಿಯಾಗಿತ್ತು. ಅಪ್ಪನ ಗೋತ್ರ ನಿನಗೆ ರಕ್ತದಿಂದ ಬಂದದ್ದಲ್ಲವೆಂದು ಆ ಅಡುಗೆಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅದನ್ನೇ ನಿನ್ನ ಮುಂದೆ ಅಡ್ಡ ಇಟ್ಟೆ.

ಅಪ್ಪ ನಿನ್ನ ಪರ ನಿಂತರು. ವಂಶವೃಕ್ಷ ಎಂದು ಪ್ರಾಣ ಬಿಡುವ ಮನುಷ್ಯ, ಬೈಪಾಸ್ ಆಗಿ ಎರಡು ತಿಂಗಳಾಗಿರಲಿಲ್ಲ, ಪುರೋಹಿತರಿಗೆ ತಾವೇ ಫೋನ್ ಮಾಡಿ ದಾರಿ ಕೇಳಿದರು. ಹುಡುಗಿಯನ್ನು ಬೇರೆ ಗೋತ್ರದವರಿಗೆ ದತ್ತು ಕೊಟ್ಟ ಹಾಗೆ ಮಾಡಿ, ಅವರ ಕೈಯಿಂದ ಧಾರೆ ಎರೆಸಿದರೆ ಆಯಿತು ಎಂದರು ಅವರು. ‘ನಿನ್ನ ತಮ್ಮ ಕೃಷ್ಣಚೈತನ್ಯ ಇದಾನಲ್ಲ ವಿಜಯಾ, ಕಾಶ್ಯಪ ಗೋತ್ರ. ಅವನಿಗೆ ಟಿಕೆಟ್ ಕಳಿಸ್ತೀನಿ. ಒಂದು ದಿನಕ್ಕೆ ಅವನ ಮಗಳಾಗ್ಲಿ, ನಂಗೇನೂ ಬೇಜಾರಿಲ್ಲ’ ಎಂದು ನಕ್ಕರು. ನೀನು ಅವರನ್ನು ತಬ್ಬಿಕೊಂಡೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನನ್ನ ಹತ್ತಿರ ಉಳಿದಿದ್ದ ಒಂದೇ ನೆಪವನ್ನು ಅಪ್ಪ ಇಷ್ಟು ಸುಲಭವಾಗಿ ತೆಗೆದುಹಾಕಿಬಿಟ್ಟಿದ್ದರು.

ಜೂನ್ ತಿಂಗಳಲ್ಲಿ ಆಶ್ರಿತ್ ನಿನಗೆ ನಾಲ್ಕು ಸಾಲಿನ ಮೆಸೇಜ್ ಕಳಿಸಿದ. ತನಗೆ ಬೇರೆ ಒಬ್ಬಳು ಇಷ್ಟವಾಗಿದ್ದಾಳೆ, ಕ್ಷಮಿಸು, ಹುಡುಕಬೇಡ ಎಂದು. ನೀನು ಡ್ರೈವ್ ಮಾಡಿಕೊಂಡು ಮನೆಗೆ ಬಂದವಳು ಹದಿನಾಲ್ಕು ದಿನ ನಿನ್ನ ಹಳೆಯ ಕೋಣೆಯಲ್ಲಿ ಮಲಗಿದೆ. ನಾನು ಪಕ್ಕದಲ್ಲಿ ಕೂತು ನಿನ್ನ ತಲೆ ಸವರಿದೆ. ಇಂಥವನೆಂದು ಈಗಲೇ ಗೊತ್ತಾದದ್ದು ಒಳ್ಳೆಯದೇ ಆಯಿತು ಎಂದೆ. ಆ ಮಾತನ್ನು ನೀನು ಮರೆತಿರಬಹುದು. ನಾನು ಮರೆತಿಲ್ಲ.

ಈಗ ಈ ತಿಂಗಳಿಗೆ ಬರುತ್ತೇನೆ. ಲುಧಿಯಾನ ಎಂದು ನೀನು ಬರೆದದ್ದನ್ನು ಓದಿ ನಾನು ಗ್ಯಾರೇಜಿನಲ್ಲಿ, ನಿಂತಿದ್ದ ಕಾರಿನೊಳಗೆ ಕೂತೆ. ಹಾಗಾದರೆ ವೆಂಕಟಗಿರಿ ಅಲ್ಲಿ ಏನು ಮಾಡುತ್ತಿದ್ದ? ಅದೊಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಭಾನುಮತಿ ಪ್ರತಿ ವರ್ಷ ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಕರೆಯುತ್ತಾಳೆ. ಹಬ್ಬ ಶುಕ್ರವಾರವಾದರೂ ಕರೆಯುವುದು ಶನಿವಾರ, ಎಲ್ಲರಿಗೂ ರಜೆ ಇರಲಿ ಎಂದು. ಕಾಪೆಲ್‌ಗೆ ಬಂದ ಮೇಲೆ ನಾನು ಒಂದು ಸಲವೂ ಹೋಗಿರಲಿಲ್ಲ. ಈ ಸಲ ಬರುತ್ತೇನೆ ಎಂದು ಫೋನ್ ಮಾಡಿದೆ. ಆಕೆಗೆ ಎಷ್ಟು ಆಶ್ಚರ್ಯವಾಯಿತೆಂದರೆ, ‘ಯಾವ ವಿಜಯಾ?’ ಎಂದು ಎರಡು ಸಲ ಕೇಳಿದಳು.

ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಸೇರಿದೆ. ಮನೆ ತುಂಬ ರೇಷ್ಮೆ ಸೀರೆ. ಭಾನುಮತಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೋಸಂಬರಿ ಬಡಿಸಿ ಕೊಡುತ್ತ, ಯಾರಿಗೂ ಕೇಳದ ಹಾಗೆ ಹೇಳಿದಳು: ‘ಮಕ್ಕಳದ್ದು ಏನೋ ಆಯ್ತು, ಬಿಡಿ ವಿಜಯಕ್ಕ. ನಂಗೆ ಅದಲ್ಲ ಸಂಕಟ. ಆಶ್ರಿತ್ ಆಸ್ಟಿನ್ ಬಿಟ್ಟು ಹ್ಯೂಸ್ಟನ್‌ಗೇ ಬಂದು ಮೂರು ವರ್ಷ ಆಯ್ತು. ಅರ್ಧ ಗಂಟೆ ದಾರಿ. ಅವರಪ್ಪ ಇಲ್ಲದಾಗ ನೋಡ್ಕೊಂಡು ಬರ್ತಾನೆ. ಅವರು ಬಂದ್ರೆ ಬೀಗದ ಕೈ ತಗೊಂಡು ಎದ್ದು ಹೋಗ್ತಾನೆ. ಬೇರೆ ಹುಡುಗಿ ಅಂತೆ, ಯಾವಳೂ ಇಲ್ಲ. ಏನಾಯ್ತು ಅಂತ ಇವರ್ನ ಕೇಳಿದ್ರೆ, ನಂಗೇನ್ ಗೊತ್ತು ಅಂತಾರೆ. ಪಾಪ, ನಿಜವಾಗ್ಲೂ ಗೊತ್ತಿಲ್ಲ ಕಣ್ರೀ.’

ಕೋಸಂಬರಿಯನ್ನು ಅಲ್ಲೇ ಇಟ್ಟು ನಾನು ಹಿತ್ತಲ ಬಾಗಿಲಿನ ಕಡೆ ಹೋದೆ.

ಹೆಂಗಸರ ಗಲಾಟೆಯಿಂದ ತಪ್ಪಿಸಿಕೊಂಡು ವೆಂಕಟಗಿರಿ ಹಿತ್ತಲಿನಲ್ಲಿ ಕರಿಬೇವಿನ ಕುಂಡಗಳಿಗೆ ನೀರು ಹಾಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಬಾಹ್ಯಾಕಾಶ ಕೇಂದ್ರದ ಕೆಲಸದಿಂದ ಮುಂದಿನ ವರ್ಷ ರಿಟೈರ್ ಆಗುತ್ತಾನಂತೆ. ಆ ಮಾತು ಈ ಮಾತು ಆಡಿ, ಕೊನೆಗೆ ಕೇಳಿಯೇಬಿಟ್ಟೆ. ತೊಂಬತ್ತಾರರಲ್ಲಿ ಒಂದು ಬೆಳಗ್ಗೆ ಲಿಫ್ಟಿನ ಎದುರು ಸಿಕ್ಕಿದ್ದಿರಲ್ಲ, ಅಲ್ಲಿ ಏನು ಕೆಲಸ ಇತ್ತು ನಿಮಗೆ?

ಅವನು ನಲ್ಲಿ ನಿಲ್ಲಿಸಿದ.

‘ಅಂದ್ರೆ ನಿಮ್ಗೆ ಗೊತ್ತಿರ್ಲಿಲ್ವಾ ಅತ್ತಿಗೆ?’ ಎಂದ. ಇಪ್ಪತ್ತೊಂಬತ್ತು ವರ್ಷದ ಮೇಲೆ ಆ ಅತ್ತಿಗೆ. ‘ನಾನು ಆ ಬಿಲ್ಡಿಂಗ್‌ನಲ್ಲಿ ಕಕ್ಕಸು ತೊಳೀತಿದ್ದೆ. ಐದು ಮಹಡಿ, ಹತ್ತು ಬಾತ್‌ರೂಮು. ಸ್ಟೂಡೆಂಟ್ ವೀಸಾದವರು ಹೊರಗೆ ಕೆಲಸ ಮಾಡೋ ಹಾಗಿರ್ಲಿಲ್ಲ, ಸಿಕ್ಕಿಬಿದ್ರೆ ವಾಪಸ್ ಕಳಿಸ್ತಿದ್ರು. ಭಾನು, ಮಗು ಇಬ್ರೂ ಊರಲ್ಲಿ. ಬೆಳಗ್ಗೆ ಏಳಕ್ಕೆ ಮುಗಿಸಿ ಬಟ್ಟೆ ಬದಲಾಯಿಸಿ ಕ್ಲಾಸಿಗೆ ಹೋಗ್ತಿದ್ದೆ. ಆ ಚೀಲದಲ್ಲಿ ಇದ್ದಿದ್ದು ತೊಳೆಯೋ ಬಟ್ಟೆ, ಗ್ಲೌಸು. ಹಿಂದಿನ ಶನಿವಾರ ನಿಮ್ಮ ಮನೇಲಿ ಮಡಿಯಲ್ಲಿ ಕೂತು ಸತ್ಯನಾರಾಯಣ ಪೂಜೆ ಪ್ರಸಾದ ತಿಂದಿದ್ದೆ. ನಿಮ್ಮನ್ನ ನೋಡಿದ ತಕ್ಷಣ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.’

ನಾನು ಬೆಂಚಿನ ಮೇಲೆ ಕೂತೆ. ಅವನು ಮುಂದುವರಿಸಿದ. ‘ಅವತ್ತಿಂದ ನೀವು ಊಟಕ್ಕೆ ಕರೀಲಿಲ್ಲ. ಸರಿ, ಎಲ್ರಿಗೂ ಹೇಳಿದಾರೆ ಅಂದ್ಕೊಂಡೆ. ಆಮೇಲೆ ಡಾಲಸ್‌ಗೆ ಹೋದ್ರಿ. ಮಕ್ಕಳ ವಿಷಯ ಬಂದಾಗ ಗೋತ್ರ ಅಂದ್ರಿ. ನಾನು ಭಾನೂಗೆ ಹೇಳ್ದೆ, ಗೋತ್ರ ಅಲ್ಲ ಕಣೆ, ಕಕ್ಕಸು ತೊಳೆದವನ ಮನೆಗೆ ಹೆಣ್ಣು ಕೊಡಲ್ಲ ಅಂತ ಅವರ ಮಾತಿನ ಅರ್ಥ. ಹೋಗ್ಲಿ ಬಿಡಿ. ನೀವು ಯಾಕೆ ಅವತ್ತು ಅಲ್ಲಿಗೆ ಬಂದಿದ್ರಿ ಅಂತ ನಂಗೆ ಒಂದು ಸಲವೂ ಯೋಚ್ನೆ ಬಂದಿಲ್ಲ ನೋಡಿ. ನಂದೇ ನಂಗೆ ಸಾಕಾಗಿತ್ತು.’

ಅವನು ನಗುತ್ತಲೇ ಹೇಳಿದ. ನಾನು ಅವನ ನಾಚಿಕೆಯನ್ನು ನೋಡಿದ್ದೆ, ಮಾನ್ಯಾ. ಅದನ್ನು ನನ್ನ ನಾಚಿಕೆ ಎಂದು ಓದಿಕೊಂಡೆ. ಇಬ್ಬರಲ್ಲಿ ಒಬ್ಬರು ಅವತ್ತು ‘ಚೆನ್ನಾಗಿದ್ದೀರಾ?’ ಎಂದು ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು.

ನೀನು ನಂಬಲಾರೆ, ಆಗಲೂ ನಾನು ಅವನಿಗೆ ನಿಜ ಹೇಳಲಿಲ್ಲ. ‘ಛೆ, ಹಾಗೆಲ್ಲ ಇಲ್ಲ’ ಎಂದು ಗೊಣಗಿ, ಅರಿಶಿನ ಕುಂಕುಮ, ರವಿಕೆ ಬಟ್ಟೆ, ತೆಂಗಿನಕಾಯಿ ಎಲ್ಲವನ್ನೂ ಮಡಿಲಿಗೆ ಹಾಕಿಸಿಕೊಂಡು ಹೊರಟುಬಂದೆ.

ಮರುದಿನ ಅಪ್ಪನಿಗೆ ಸಿಯಾಳ ವಿಷಯ ಹೇಳಿದೆ. ಅವರು ನಡುಮನೆಯಲ್ಲಿ, ಮೆಟ್ಟಿಲ ಪಕ್ಕದ ಗೋಡೆಯ ಹತ್ತಿರ ಕೂತಿದ್ದರು. ಅವರ ವಂಶವೃಕ್ಷದ ಚಿತ್ರ ಅಲ್ಲಿಯೇ ಇದೆಯಲ್ಲ, ಸ್ಕೇಲು ಹಿಡಿದು ಒಂಬತ್ತು ತಲೆಮಾರು ಬರೆದದ್ದು, ಎಲ್ಲಕ್ಕಿಂತ ಕೆಳಗೆ ನಿನ್ನ ಹೆಸರು. ಆ ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ, ‘ಬೆರೆಸಿದ್ರು ಅಲ್ವಾ?’ ಎಂದು ಕೇಳಿದರು. ಮಕ್ಕಳು ಕೇಳುತ್ತಾರಲ್ಲ, ಹಾಗೆ. ಬೆರೆಸಿದ್ದರು ಎಂದೆ.

ಮತ್ತೆ ಸ್ವಲ್ಪ ಹೊತ್ತಿಗೆ ಅವರು ಗಯೆಯ ವಿಷಯ ಎತ್ತಿದರು. ನಿನ್ನ ತಾತ ತೀರಿಕೊಂಡಾಗ ಪಿಂಡ ಹಾಕಲು ಹೋಗಿದ್ದರಲ್ಲ. ಅಲ್ಲಿನ ಪಂಡರ, ಅಂದರೆ ಕ್ಷೇತ್ರದ ಪುರೋಹಿತರ, ಮನೆಗಳಲ್ಲಿ ಒಂದೊಂದು ವಂಶಕ್ಕೂ ವಹಿ ಇರುತ್ತದೆ, ಹೋದವರೆಲ್ಲ ಹೆಸರು ಬರೆದು ಸಹಿ ಹಾಕಿ ಬರುತ್ತಾರೆ. ಅದರಲ್ಲಿ ತಮ್ಮ ಮುತ್ತಜ್ಜನ ಕನ್ನಡ ಸಹಿ ನೋಡಿ ಅತ್ತದ್ದನ್ನು ಅವರು ನೂರು ಸಲ ಹೇಳಿದ್ದಾರೆ. ನೂರು ಸಲವೂ ಹೇಳದೆ ಬಿಟ್ಟದ್ದನ್ನು ಈಗ ಹೇಳಿದರು. ಗಂಡು ಮಕ್ಕಳ ಹೆಸರು ಹೇಳಿ ಎಂದು ಪಂಡ ಕೇಳಿದನಂತೆ. ಇಲ್ಲ, ಒಬ್ಬಳೇ ಮಗಳು ಎಂದರಂತೆ. ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿ ಇಲ್ಲ ಎಂದನಂತೆ. ಅಪ್ಪ ವಹಿಯನ್ನು ತಮ್ಮ ಕಡೆ ಎಳೆದುಕೊಂಡು, ಅವನ ಪೆನ್ನಿನಲ್ಲೇ ಕನ್ನಡದಲ್ಲಿ ಬರೆದರಂತೆ: ಮಗಳು ಮಾನ್ಯಾ. ‘ಅದು ಅಲ್ಲಿ ಹಾಗೇ ಇದೆ ವಿಜಯಾ. ನೂರು ವರ್ಷ ಇರತ್ತೆ. ಅವಳಿಗೆ ಹೇಳು’ ಎಂದರು. ಹೇಳಿದ್ದೇನೆ.

ಅವರು ನಿನಗೆ ಫೋನ್ ಮಾಡಲು ದಿನಾ ಎತ್ತಿಕೊಂಡು ಕೆಳಗಿಡುತ್ತಿದ್ದಾರೆ. ನನ್ನ ಮೇಲಿನ ಕೋಪಕ್ಕೆ ಅವರನ್ನು ಕಾಯಿಸಬೇಡ. ಸಿಯಾಳನ್ನು ನೋಡಬೇಕೆಂಬ ಆಸೆಯೂ ಅವರಿಗಿದೆ. ಆ ಹುಡುಗಿಗೆ ಏನು ಇಷ್ಟ ಎಂದು ನೆನ್ನೆ ಕೇಳಿದರು.

ಕ್ಷಮಿಸು ಎಂದು ಬರೆಯುವುದು ಸುಲಭ. ಬರೆದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಅದಕ್ಕೇ ಬರೆಯುತ್ತಿಲ್ಲ. ನೀನು ಏನೂ ಕೊಡಬೇಕಾಗಿಲ್ಲ.

ಈಗಲೂ, ನೀನು ಒಪ್ಪುವುದಾದರೆ,
ನಿನ್ನ ಅಮ್ಮ
ವಿಜಯಾ

ಮರೆತಿದ್ದರಿಂದ ಅಲ್ಲ, ಧೈರ್ಯವಾಗದೆ ಕೊನೆಗೆ ಇಟ್ಟದ್ದು:

ಆಶ್ರಿತ್ ನಿನ್ನನ್ನು ಬಿಡಲಿಲ್ಲ. ನಾನು ಬಿಡಿಸಿದೆ.

೨೦೨೨ರ ಜೂನ್ ಹನ್ನೊಂದು, ಶನಿವಾರ. ಹ್ಯೂಸ್ಟನ್‌ನಲ್ಲಿ ಕನ್ನಡ ಶಿಕ್ಷಕರ ಸಭೆ ಇದೆ ಎಂದು ನಿನಗೂ ಅಪ್ಪ‌ನಿಗೂ ಹೇಳಿ ನಾನು ಬಂದದ್ದು ಆಸ್ಟಿನ್‌ಗೆ. ಅವನನ್ನು ಡೊಮೇನ್‌ಗೆ ಕರೆಸಿಕೊಂಡೆ. ನಿನ್ನ ಆಫೀಸಿನಿಂದ ಐದು ನಿಮಿಷದ ದಾರಿ, ಮರದ ಕೆಳಗಿನ ಒಂದು ಬೆಂಚು. ಕ್ಲಿನಿಕ್ಕು, ಲಿಫ್ಟು, ಅವನ ಅಪ್ಪ, ಎಲ್ಲ ಹೇಳಿದೆ. ನೀವಿಬ್ಬರೂ ಅಣ್ಣ ತಂಗಿ ಇರಬಹುದು ಎಂದೆ. ನೀವು ಆಗಲೇ ಒಂದೇ ಮನೆಯಲ್ಲಿದ್ದಿರೆಂದು ನನಗೆ ಗೊತ್ತಿತ್ತು. ಅವನ ಮುಖ ಆಗ ಹೇಗಾಯಿತೆಂದು ಬರೆಯಲಾರೆ.

ಅವನು ಮೊದಲು ಕೇಳಿದ್ದು ಒಂದೇ. ‘ಟೆಸ್ಟ್ ಮಾಡಿಸೋಣ ಆಂಟಿ. ನಾನು, ಮಾನ್ಯಾ. ಒಂದು ತಿಂಗಳಲ್ಲಿ ಗೊತ್ತಾಗತ್ತೆ.’

ನಾನು ಬೇಡ ಎಂದೆ. ಮಾಡಿಸಿದರೆ ಮಾನ್ಯಾಗೆ ಹೇಳಬೇಕಾಗುತ್ತದೆ, ಅವಳ ಅಪ್ಪನ ಎದೆ ತಡೆಯುವುದಿಲ್ಲ ಎಂದೆ. ನಿಮ್ಮ ಅಪ್ಪನನ್ನೂ ಕೇಳಬೇಡ, ಅಮ್ಮನ ಸಂಸಾರ ಒಡೆಯುತ್ತದೆ ಎಂದೆ. ಯಾರಿಗೂ ಹೇಳುವುದಿಲ್ಲವೆಂದು ಕೈಮೇಲೆ ಕೈ ಹಾಕಿಸಿಕೊಂಡೆ. ಬೇರೆ ಹುಡುಗಿ ಎಂಬ ಸುಳ್ಳನ್ನು ಹೇಳಿಕೊಟ್ಟವಳೂ ನಾನೇ. ಇಲ್ಲದಿದ್ದರೆ ಅವಳು ಬಿಡುವುದಿಲ್ಲ ಎಂದೆ.

ಮೂರು ವರ್ಷ ಅವನು ಮಾತು ಉಳಿಸಿಕೊಂಡ. ನಿನ್ನ ಕಣ್ಣಲ್ಲಿ ಕೆಟ್ಟವನಾದ. ಏನೂ ಮಾಡದ ತನ್ನ ಅಪ್ಪನ ಜೊತೆ ಮಾತು ಬಿಟ್ಟ. ಅವನಿಗೆ ಇನ್ನೂ ನಿಜ ಗೊತ್ತಿಲ್ಲ.

ಇವತ್ತು ಸಂಜೆ ಇದನ್ನು ಅಪ್ಪನಿಗೆ ಹೇಳುತ್ತೇನೆ. ಬರುವ ಶನಿವಾರ ಹ್ಯೂಸ್ಟನ್‌ಗೆ ಹೋಗಿ ಆಶ್ರಿತ್‌ಗೆ, ಆಮೇಲೆ ವೆಂಕಟಗಿರಿ, ಭಾನುಮತಿಗೆ ನಾನೇ ಹೇಳುತ್ತೇನೆ. ನಿನ್ನನ್ನು ಬಾ ಎನ್ನುತ್ತಿಲ್ಲ. ನಾನು ಹೇಳುವ ಮೊದಲು ನಿನಗೆ ಗೊತ್ತಿರಬೇಕು, ಅಷ್ಟೇ.

ಆ ದಿನ ಅವನು ಬೆಂಚಿನಿಂದ ಎದ್ದು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಬಯ್ಯುತ್ತಾನೆ ಎಂದುಕೊಂಡೆ. ‘ಕಾಪೆಲ್‌ವರೆಗೆ ಒಬ್ರೇ ಹೋಗ್ಬೇಕಲ್ಲ’ ಎಂದ. ‘ಹುಷಾರಾಗಿ ಡ್ರೈವ್ ಮಾಡಿ, ಆಂಟಿ.’